ಅಕ್ಕನ ಫೋನಿನ ತುಳಸಿ

ವಿಶಾಖಪಟ್ಟಣದ ಗಾಜುವಾಕದಲ್ಲಿರುವ ಸಕ್ಕರೆ ಕಾಯಿಲೆಯ ಕ್ಲಿನಿಕ್ಕೊಂದರಲ್ಲಿ ನನ್ನ ಕೆಲಸ ಫೋನ್ ಮಾಡುವುದು. ಬೆಳಿಗ್ಗೆ ಎಂಟಕ್ಕೆ ಹೋಗಿ, ಕಿಟಕಿಯ ಪಕ್ಕದ ಮೇಜಿಗೆ ಕೂತು, ಉದ್ದನೆಯ ರೂಲು ಪುಸ್ತಕ ತೆರೆದು, ಒಬ್ಬೊಬ್ಬರಿಗೇ ಫೋನ್ ಹಚ್ಚಿ ನಾಲ್ಕು ಮಾತು ಕೇಳಬೇಕು. ಮಾತ್ರೆ ನುಂಗಿದಿರಾ? ಅರ್ಧ ಗಂಟೆ ನಡೆದಿರಾ? ನಿನ್ನೆ ರಾತ್ರಿ ಊಟ ಎಂಟರೊಳಗೆ ಆಯಿತಾ? ಅಂಗಾಲು ನೋಡಿಕೊಂಡಿರಾ? ಮೊದಲ ಮೂರು ಎಲ್ಲರಿಗೂ ಅರ್ಥವಾಗುತ್ತವೆ. ನಾಲ್ಕನೆಯದಕ್ಕೆ ನಗುತ್ತಾರೆ, ಅಂಗಾಲಲ್ಲಿ ನೋಡುವಂಥದ್ದು ಏನಿದೆ ಎಂದು. ಸಕ್ಕರೆ ಹಳೆಯದಾದರೆ ಪಾದದ ಸ್ಪರ್ಶ ಹೋಗುತ್ತದೆ, ಮುಳ್ಳು ಚುಚ್ಚಿದರೂ ಬಿಸಿ ತಾಗಿದರೂ ಗೊತ್ತಾಗುವುದಿಲ್ಲ, ಅದಕ್ಕೇ ಕಣ್ಣಿನಿಂದ ನೋಡಬೇಕು ಎಂದು ನಾನು ದಿನಕ್ಕೆ ನಲವತ್ತು ಸಲ ಹೇಳುತ್ತಿದ್ದೆ.

ಎಲ್ಲರೂ ನಿಜ ಹೇಳುತ್ತಿದ್ದರೆಂದಲ್ಲ. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ವೆಲ್ಡರ್ ಒಬ್ಬರಿದ್ದರು. ನಾನು ಬಾಯಿ ತೆರೆಯುವ ಮೊದಲೇ "ಅಂತಾ ಅಯಿಂದಮ್ಮಾ" ಎನ್ನುತ್ತಿದ್ದರು, ಎಲ್ಲಾ ಆಯಿತಮ್ಮಾ ಎಂದು. ಎಲ್ಲಾ ಆಗಿರುವುದಿಲ್ಲ. ಇಡ್ಲಿ ಬಂಡಿಯ ಒಬ್ಬಾಕೆ ಮಾತ್ರ ನಗುನಗುತ್ತಲೇ "ಇವತ್ತು ಒಂದೂ ಮಾಡಿಲ್ಲ, ಬೈಯಿರಿ" ಎನ್ನುತ್ತಿದ್ದರು. ದಿನಾ ಕೇಳಿ ಕೇಳಿ ನನ್ನ ಕಿವಿ ಪಳಗಿತ್ತು. ಹೂಂ ಗಿಡ್ಡವಾದರೆ ಒಂದು ಅರ್ಥ, ಉದ್ದವಾದರೆ ಒಂದು ಅರ್ಥ. ಹೂಂ ಉದ್ದ ಎಳೆದವರಿಗೆ ಮಧ್ಯಾಹ್ನ ಮತ್ತೊಮ್ಮೆ ಫೋನ್ ಮಾಡುತ್ತಿದ್ದೆ.

ಗದಗಿನಲ್ಲಿ ಗೃಹವಿಜ್ಞಾನ ಓದಿ, ಮದುವೆಯಾಗಿ, ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಇಲ್ಲಿಗೆ ಬಂದವಳು ನಾನು. ಮೂರು ವರ್ಷಕ್ಕೆಂದು ಬಂದದ್ದು ಹದಿನೆಂಟಾಯಿತು. ಮನೆ ಬಿಟ್ಟರೆ ನಾನು ಕನ್ನಡ ಆಡುತ್ತಿದ್ದದ್ದು ವಿಜಯವಾಡದ ಅಕ್ಕನ ಜೊತೆ ಮಾತ್ರ. ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಅವಳನ್ನು ಕೊಟ್ಟಿದ್ದು ಗವರ್ನರ್‌ಪೇಟೆಯ ಪಾತ್ರೆ ವ್ಯಾಪಾರದ ಮನೆತನಕ್ಕೆ. ಅವರು ಮೂರು ತಲೆಮಾರಿನ ಹಿಂದೆ ಬಳ್ಳಾರಿಯಿಂದ ಬಂದು ತೆಲುಗರೊಡನೆ ಕೊಟ್ಟು ತಂದು ಮಾಡಿಕೊಂಡು ಅಲ್ಲಿಯವರೇ ಆಗಿಹೋದವರು. ಅಕ್ಕನಿಗೆ ಸಕ್ಕರೆ ಬಂದು ಹನ್ನೆರಡು ವರ್ಷ. ಕಾಲಿನಿಂದ ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ನಾಲ್ಕು ಹೆಜ್ಜೆ ಹೋಗಿಬಿಡುವಷ್ಟು ಪಾದ ಜೋಮು ಹಿಡಿದಿತ್ತು. ನಾನು ಕ್ಲಿನಿಕ್ಕಿಗೆ ಹೊರಡುವ ಮುಂಚೆ, ಏಳೂಹತ್ತಕ್ಕೆ, ಮೊದಲ ಫೋನು ಅವಳಿಗೆ.

"ಅಂಗಾಲು ನೋಡ್ಕೊಂಡ್ಯಾ ಅಕ್ಕಾ?"

"ಹೂಂಽಽ."

"ಸುಳ್ಳು."

"ಏ ನಿನ್ನ! ಈಗ ಕುಂತು ನೋಡತೀನಿ, ಫೋನ್ ಇಡಬ್ಯಾಡ." ಆಮೇಲೆ ಮಂಚದ ಕಿರುಗುಟ್ಟುವ ಸದ್ದು, ನರಳುವ ಸದ್ದು. "ನೋಡಿದೆ. ಕಾಲ ಕಾಲಿದ್ದಾಂಗ ಐತಿ. ಇನ್ನೇನ್ ಬೇಕು ನಿನಗ?"

ಹೀಗೇ ವರ್ಷಗಳು ಹೋಗಿದ್ದವು.

ರೋಗಿಗಳು ಹೆಚ್ಚಾದರು. ಡಾಕ್ಟರು ಒಂದು ದಿನ ನನ್ನನ್ನು ಕರೆದು, "ಅಮ್ಮಾ, ನಿಮ್ಮೊಬ್ಬರ ಗಂಟಲಿಗೆ ಇನ್ನು ಆಗುವ ಕೆಲಸವಲ್ಲ ಇದು. ಫೋನಿನಲ್ಲೇ ತಾನಾಗಿ ಜ್ಞಾಪಿಸುವಂಥದ್ದು ಮಾಡಿಸೋಣ. ನೀವು ಅವರ ಜೊತೆ ಕೂತು ನಮ್ಮ ಜನ ಹೇಗೆ ಅಂತ ಹೇಳಿ" ಎಂದರು. ಪೆಂಡುರ್ತಿಯಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿ ಇಂಥ ಆ್ಯಪ್ ಕಟ್ಟುವ ನಾಲ್ಕೈದು ಜನರಿದ್ದರು. ವಾರಕ್ಕೆ ಎರಡು ದಿನ ನಾನು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಬೇಕು. ಪರದೆಯ ಮೇಲೆ ಏನು ಕಾಣಬೇಕೆಂದು ತೀರ್ಮಾನಿಸುತ್ತಿದ್ದವಳು ಒಬ್ಬ ತೆಲುಗು ಹುಡುಗಿ, ಇಪ್ಪತ್ತಾರು ಇಪ್ಪತ್ತೇಳರವಳು. ಮೊದಲ ದಿನವೇ ನನ್ನನ್ನು ಆಂಟೀ ಎಂದಳು, ನನ್ನ ಡಬ್ಬಿಯ ಜೋಳದ ರೊಟ್ಟಿ ಅರ್ಧ ತಿಂದಳು. ನಾವು ಮಾತಾಡುತ್ತಿದ್ದದ್ದು ತೆಲುಗಿನಲ್ಲಿ.

"ಜ್ಞಾಪಿಸಿದರೆ ಸಾಲದು ಆಂಟೀ. ಜ್ಞಾಪಿಸುವುದು ಗಡಿಯಾರಕ್ಕೂ ಬರುತ್ತೆ. ಮಾಡಿದ ಮೇಲೆ ಅವರಿಗೆ ಏನೋ ಸಿಗಬೇಕು, ನಾಳೆ ಮತ್ತೆ ಬರೋಣ ಅನ್ನಿಸಬೇಕು" ಎಂದು ಅವಳು ವಿವರಿಸಿದಳು. ಅದನ್ನೇ ಅವಳು ಓದಿ ಬಂದಿದ್ದಳು, ಜನರ ಅಭ್ಯಾಸ ತಿದ್ದುವುದನ್ನು, ಬೈಯದೆ, ಹೆದರಿಸದೆ. ನನಗೆ ಅದು ಹಿಡಿಸಿತು. ನಾನು ಹದಿನೈದು ವರ್ಷದಿಂದ ಬಾಯಲ್ಲಿ ಮಾಡುತ್ತಿದ್ದದ್ದೂ ಅದೇ ಅಲ್ಲವೇ.

ಮೊದಲು ಬಂಗಾರದ ಪದಕ ಕೊಟ್ಟು ನೋಡಿದೆವು. ನಾಲ್ಕು ಕೆಲಸ ಮಾಡಿ ನಾಲ್ಕು ಸಲ "ಅಯಿಂದಿ" ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ಪದಕ. ಕ್ಲಿನಿಕ್ಕಿನ ಅಜ್ಜಿಯೊಬ್ಬರು ವಾರ ಬಿಟ್ಟು ಬಂದು, "ಏಳು ಬಿಲ್ಲೆ ಆಗಿವೆ, ಯಾವ ಕಿಟಕಿಯಲ್ಲಿ ಕೊಡ್ತಾರಮ್ಮಾ?" ಎಂದು ಕೇಳಿದರು. ಇಲ್ಲವೆಂದಾಗ ಆ್ಯಪನ್ನೇ ತೆಗೆಸಿಕೊಂಡು ಹೋದರು. ಆಮೇಲೆ ಹೂವಿನ ಗಿಡ. ಕೆಲಸ ಮಾಡಿದ ದಿನ ನೀರು ಬೀಳುತ್ತದೆ, ಬೆಳೆಯುತ್ತದೆ. ತಪ್ಪಿಸಿದರೆ ಬಾಡುತ್ತದೆ. ನಮ್ಮ ವೆಲ್ಡರು ಎರಡೇ ವಾರಕ್ಕೆ ಅದನ್ನು ಸುಟ್ಟ ಕಡ್ಡಿ ಮಾಡಿಟ್ಟಿದ್ದರು. "ಮನೆಯ ಗಿಡಕ್ಕೇ ನಾನು ನೀರು ಹಾಕೋದಿಲ್ಲಮ್ಮಾ, ನನ್ನ ಹೆಂಡತಿ ಹಾಕ್ತಾಳೆ" ಎಂದರು.

ಆವತ್ತು ಪೆಂಡುರ್ತಿಯ ಆ ಕೋಣೆಯಲ್ಲಿ ಹುಡುಗಿ ಕೆನ್ನೆಗೆ ಕೈಕೊಟ್ಟು ಕೂತಿದ್ದಳು. ನಾನೇ ಹೇಳಿದೆ. "ಹೂವಿನ ಗಿಡ ಬೇಡ. ತುಳಸಿ ಮಾಡು."

"ತುಳಸಿಯಾ?"

"ಹೂವಿನ ಗಿಡ ಒಣಗಿದರೆ ಕಿತ್ತು ಇನ್ನೊಂದು ಹಚ್ಚತಾರೆ. ಮನೆಯಲ್ಲಿ ತುಳಸಿ ಒಣಗೋದಕ್ಕೆ ಯಾವ ಹೆಂಗಸು ಬಿಡ್ತಾಳೆ ಹೇಳು. ಜ್ವರ ಬಂದು ಮಲಗಿದ್ದರೂ ಇನ್ನೊಬ್ಬರಿಗೆ ಹೇಳಿ ಹಾಕಿಸ್ತಾಳೆ."

ಅವಳು ಎದ್ದು ಕೂತಳು. ಬೇರೆ ಮತದವರಿಗೆ ಮಲ್ಲಿಗೆ, ಬೇವು, ಖರ್ಜೂರ ಹೀಗೆ ಅವರವರ ಇಷ್ಟದ್ದು ಇಡೋಣ, ಉಳಿದವರಿಗೆ ತುಳಸಿ ಎಂದಾಯಿತು. ಕಟ್ಟೆಯ ಬಣ್ಣ, ಅರಿಸಿನ ಕುಂಕುಮದ ಪಟ್ಟೆ, ಮುಂದೆ ಒಂದೆಳೆ ರಂಗವಲ್ಲಿ, ಎಲ್ಲ ನಾನೇ ಪಕ್ಕದಲ್ಲಿ ಕೂತು ಹೇಳಿ ಬರೆಸಿದೆ. ಪೂರಾ ಒಣಗಿದ್ದು ತೋರಿಸಬೇಡ, ಅಪಶಕುನ ಅಂತ ಬೈತಾರೆ, ಎಲೆ ಜೋತುಬಿದ್ದ ಹಾಗೆ ಮಾತ್ರ ತೋರಿಸು ಎಂದೆ. ದೂರದ ಊರಲ್ಲಿರುವ ಮನೆಯವರೂ ತಮ್ಮ ಫೋನಿನಲ್ಲಿ ಆ ಗಿಡ ನೋಡುವ ಹಾಗಿರಲಿ ಎಂದೆ. ಹುಡುಗಿ ಪ್ರತಿ ಗುಂಡಿಯ ಪಕ್ಕದಲ್ಲಿ ಒತ್ತಿದ ಗಂಟೆ ನಿಮಿಷ ಕಾಣುವಂತೆ ಇಟ್ಟಿದ್ದಳು. ಅದನ್ನು ತೆಗೆಸಿದವಳೂ ನಾನೇ. "ಪೊಲೀಸ್ ಠಾಣೆಯ ಹಾಗೆ ಕಾಣ್ತದೆ, ಮನುಷ್ಯರನ್ನ ನಂಬಬೇಕು" ಎಂದಿದ್ದೆ.

ಎಂಥಾ ಗೆಲುವು ಅದು. ತಿಂಗಳೊಳಗೆ ಕ್ಲಿನಿಕ್ಕಿನ ಗೋಡೆಯ ಪರದೆಯ ಮೇಲೆ ಹಸಿರೋ ಹಸಿರು. ವೆಲ್ಡರ ಗಿಡ ಪೊದೆಯಾಗಿತ್ತು. ಪೆಂಡುರ್ತಿಯವರು ಕಾಜಾ ತರಿಸಿ ಹಂಚಿದರು, ಸಕ್ಕರೆ ಕಾಯಿಲೆಯ ಆ್ಯಪಿಗೆ ಸಕ್ಕರೆ ಪಾಕದ ಕಾಜಾ ಎಂದು ಎಲ್ಲರೂ ನಕ್ಕೆವು. ಡಾಕ್ಟರು, "ಇನ್ನು ಮೇಲೆ ಮೂರು ದಿನ ಗಿಡ ಬಾಡಿದವರಿಗೆ ಮಾತ್ರ ಫೋನ್ ಮಾಡಿ ಸಾಕು" ಎಂದರು. ನನ್ನ ರೂಲು ಪುಸ್ತಕದಲ್ಲಿ ದಿನಕ್ಕೆ ಆರೇಳು ಹೆಸರು ಬರೆದರೆ ಹೆಚ್ಚು.

ಅಕ್ಕನಿಗೂ ಹಾಕಿಕೊಡಬೇಕೆಂದು ಬೆಳಗಿನ ರೈಲು ಹತ್ತಿ ವಿಜಯವಾಡಕ್ಕೆ ಹೋದೆ. ಗವರ್ನರ್‌ಪೇಟೆಯ ಸಗಟು ಅಂಗಡಿಗಳ ಬೀದಿಯಲ್ಲಿ ಮಧ್ಯಾಹ್ನ ಆಟೋ ಒಳಗೆ ಬರುವುದಿಲ್ಲ, ಮೂಲೆಯಲ್ಲೇ ಇಳಿದು ಸ್ಟೀಲು ಡಬರಿಗಳ ರಾಶಿ ದಾಟಿ ನಡೆಯಬೇಕು. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಮಾಳಿಗೆ. ಅಕ್ಕ ದಿನಾ ಸ್ನಾನ ಮಾಡಿ ಮಾಳಿಗೆಗೆ ಹತ್ತಿ, ಅಲ್ಲಿರುವ ತುಳಸಿಗೆ ನೀರು ಹಾಕಿ ಇಳಿಯುತ್ತಾಳೆ.

ಊಟವಾದ ಮೇಲೆ ಅವಳ ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಈ ಕಟ್ಟಿ ಯಾರ್ ಕಟ್ಟಿದ್ದು?"

"ನಾನೇ ಹೇಳಿ ಬರೆಸಿದ್ದು ಅಕ್ಕಾ."

"ಈ ರಂಗೋಲಿನೂ?"

"ಅದೂ."

"ಅವ್ವ ಇದ್ದಿದ್ರ ನೋಡಿ ಹಿಗ್ಗತಿದ್ಲು" ಎಂದಳು. ಆಮೇಲೆ, "ಇದಕ್ಕ ನೀರ ಹಾಕೂದು ಹ್ಯಾಂಗ?"

ತೋರಿಸಿದೆ. ಒಂದೊಂದು ಕೆಲಸ ಮುಗಿದ ಮೇಲೆ ಒಂದೊಂದು ಗುಂಡಿ, ಊಟದ್ದು ಅವತ್ತಿನ ರಾತ್ರಿ ಉಂಡ ಮೇಲೆ. ನಾಲ್ಕೂ ಒತ್ತಿದರೆ ತಂಬಿಗೆಯಿಂದ ನೀರು ಬೀಳುತ್ತದೆ. "ನೀ ತಪ್ಪಿಸಿದಿ ಅಂದ್ರ ಎಲಿ ಬಾಡತಾವ, ನನಗ ಅಲ್ಲಿ ವಿಶಾಖಪಟ್ಟಣದಾಗ ಕಾಣತದ. ಮುಂಜಾನಿ ಎದ್ದ ಕೂಡಲೇ ನಾ ನೋಡಾಕಿನ ನಿನ್ನ ಗಿಡಾ" ಎಂದು ಹೆದರಿಸಿದೆ.

ಅಂಗಡಿಯಿಂದ ಕಾಫಿಗೆಂದು ಬಂದ ಭಾವ ಬಾಗಿಲಲ್ಲಿ ನಿಂತು ನಕ್ಕರು. ಹೆಂಡತಿಯ ತಂಗಿಯಾದ್ದರಿಂದ ನನ್ನನ್ನು ಅವರು ತೆಲುಗಿನಲ್ಲಿ ಮರದಲಾ ಎಂದೇ ಕರೆಯುವುದು. "ಏಮಿ ಮರದಲಾ, ಮಾಳಿಗೆ ಮೇಲೊಂದು ತುಳಸಿ, ಫೋನಲ್ಲೊಂದು ತುಳಸಿ. ಎರಡಕ್ಕೂ ನೀರು ಹಾಕಿ ಮುಗಿಯೋದು ಯಾವಾಗ, ನನಗೆ ಕಾಫಿ ಸಿಗೋದು ಯಾವಾಗ?"

"ಕಾಫಿ ನಿಮ್ಮ ಸೊಸಿ ಕೊಡ್ತಾಳ ಹೋಗ್ರಿ" ಎಂದಳು ಅಕ್ಕ. ಸೊಸೆ ಅಡುಗೆಮನೆಯಿಂದ ಇಣುಕಿ ನಕ್ಕಳು. ಅವಳು ತೆಲುಗಿನವಳು, ಮದುವೆಯಾಗಿ ನಾಲ್ಕು ವರ್ಷ, ಅತ್ತೆಯ ಮಾತಿಗೆ ಎದುರಾಡಿದವಳಲ್ಲ.

ಮಾರನೆಯ ದಿನ ಊರಿಗೆ ಬಂದು, ಹಾಲು ಕಾಯಿಸಲಿಟ್ಟು ಫೋನ್ ತೆರೆದರೆ ಅಕ್ಕನ ತುಳಸಿ ಹಸಿರಾಗಿತ್ತು. ಮರುದಿನವೂ. ಅದರ ಮರುದಿನವೂ. ಏಳೂಹತ್ತಕ್ಕೆ ಫೋನ್ ಮಾಡಿದರೆ ಕೇಳಲಿಕ್ಕೆ ಏನೂ ಉಳಿದಿರಲಿಲ್ಲ. ಮಾತ್ರೆ ಆಯಿತು, ನಡಿಗೆ ಆಯಿತು, ಅಂಗಾಲು ಆಯಿತು. "ನೋಡಿದೆ ಅಕ್ಕಾ, ಛಲೋ ಬೆಳದೈತಿ" ಎಂದರೆ "ಹೌದಲ್ಲ" ಎನ್ನುತ್ತಿದ್ದಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ದಿನಾ ಮಾಡುತ್ತಿದ್ದದ್ದು ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ಭಾನುವಾರಕ್ಕೆ ನಿಂತಿತು. ಬೆಳಗಿನ ಆ ಹತ್ತು ನಿಮಿಷದಲ್ಲಿ ನಾನು ಸೊಪ್ಪು ಬಿಡಿಸಿಡಲು ಶುರುಮಾಡಿದೆ.

ಒಂದು ಭಾನುವಾರ ಅಕ್ಕ ಹೇಳಿದಳು. "ನೀ ಫೋನ್ ಮಾಡೂದ ಬಿಟ್ಟಿ ನೋಡು."

"ದಿನಾ ನೋಡತೀನಲ್ಲ ಅಕ್ಕಾ ನಿನ್ನ."

"ಗಿಡಾ ನೋಡತಿ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಕೂಡಲೇ ಸಂಡಿಗೆಯ ಮಾತು ತೆಗೆದಳು. ಬೇಸಿಗೆ ಬಂತು, ಈ ಸಲ ಅರಳಿನ ಸಂಡಿಗೆಯೂ ಹಾಕುತ್ತೇನೆ, ನಿನಗೆ ಯಾವುದು ಬೇಕು ಎಂದು. ನಾನು ಎರಡೂ ಎಂದೆ.

ವಿಜಯವಾಡದ ಬಿಸಿಲು ಬಲ್ಲವರಿಗೆ ಗೊತ್ತು. ಹತ್ತು ಗಂಟೆಗೆಲ್ಲ ಮಾಳಿಗೆಯ ಗಚ್ಚು ಕಾದ ಹಂಚಾಗುತ್ತದೆ. ಸಂಡಿಗೆ ಹಾಕುವಾಗ ಚಪ್ಪಲಿ ಮೆಟ್ಟುವವರು ಯಾರಿದ್ದಾರೆ? ನಮ್ಮ ಮನೆಗಳಲ್ಲಿ ಅದು ಮಡಿಯ ಕೆಲಸ, ಉಣ್ಣುವ ಪದಾರ್ಥ. ಬಿಳಿ ಪಂಚೆ ಹಾಸಿ, ಬಗ್ಗಿ ಬಗ್ಗಿ ಒಂದೊಂದೇ ಇಟ್ಟು, ಮಧ್ಯಾಹ್ನ ಮತ್ತೆ ಹತ್ತಿ ಮಗುಚಿ ಹಾಕುವುದು. ಕಾಲು ಸರಿಯಾಗಿರುವವರು ಕುಣಿಯುತ್ತಾ ಓಡಿ ನೆರಳು ಸೇರುತ್ತಾರೆ. ಅಕ್ಕನಿಗೆ ಓಡಬೇಕೆಂದು ಕಾಲು ಹೇಳಲಿಲ್ಲ.

ಸಂಡಿಗೆಯ ಡಬ್ಬಿ ನನಗೆ ತಲುಪಿತು. ಅರಳಿನದು, ಅಕ್ಕಿಯದು, ಎರಡೂ. ಒಂದೂ ಒಡೆದಿರಲಿಲ್ಲ. ಆ ವಾರ ಕರಿದು ಕರಿದು ಅಕ್ಕಪಕ್ಕದವರಿಗೂ ಕೊಟ್ಟೆ. ಆ ವಾರವೂ ಅವಳ ತುಳಸಿ ಹಸಿರಾಗಿತ್ತು. ಅದರ ಮುಂದಿನ ವಾರ ಅದರಲ್ಲಿ ತೆನೆ ಬಂತು. ನೂರು ದಿನ ತಪ್ಪಿಸದವರ ಗಿಡಕ್ಕೆ ತೆನೆ ಬರುವಂತೆ ನಾವೇ ಮಾಡಿದ್ದೆವು. ಭಾನುವಾರ ಫೋನ್ ಮಾಡಿದರೆ ಸೊಸೆ ಎತ್ತಿ, ಅತ್ತಯ್ಯ ಮಲಗಿದ್ದಾರೆ, ಸ್ವಲ್ಪ ಮೈ ಬಿಸಿ ಇದೆ, ಬಿಸಿಲಿಗೆ ಇರಬೇಕು ಎಂದಳು. "ಮಜ್ಜಿಗೆ ಕೊಡು" ಎಂದು ಹೇಳಿ ಇಟ್ಟೆ. ನೂರು ದಿನ ಅಂಗಾಲು ನೋಡಿಕೊಂಡವಳ ಅಂಗಾಲಿನ ನೆನಪು ನನಗೆ ಬರಲೇ ಇಲ್ಲ.

ಬುಧವಾರ ಕ್ಲಿನಿಕ್ಕಿನಲ್ಲಿದ್ದಾಗ ಭಾವನ ಫೋನು ಬಂತು. ಅವರು ಎಂದೂ ನನಗೆ ನೇರವಾಗಿ ಫೋನ್ ಮಾಡಿದವರಲ್ಲ. "ಬಾ ಮರದಲಾ. ಕಾಲು ಅಂತಿದಾರೆ. ಬಂದುಬಿಡು" ಎಂದಷ್ಟೇ ಹೇಳಿದರು.

ಆಸ್ಪತ್ರೆ ತಲುಪುವಾಗ ಸಂಜೆ ಐದಾಗಿತ್ತು. ಅಕ್ಕನಿಗೆ ಜ್ವರದಲ್ಲಿ ಅರ್ಧ ಎಚ್ಚರ. ಬಲಗಾಲಿಗೆ ಮೊಣಕಾಲ ತನಕ ಬ್ಯಾಂಡೇಜು. ಡ್ಯೂಟಿ ಡಾಕ್ಟರು, ಅಂಗಾಲಲ್ಲಿ ಸುಟ್ಟ ಬೊಬ್ಬೆ, ಮೂರು ವಾರದ್ದಾದರೂ ಇರಬೇಕು, ಕೀವು ಒಳಗೆ ಎಲುಬಿಗೆ ಇಳಿದಿದೆ, ಯಾರೂ ನೋಡಿರಲಿಲ್ಲವೇ ಎಂದು ಕೇಳಿದರು. ನನ್ನ ಕೆಲಸ ಏನೆಂದು ಅವರಿಗೆ ಹೇಳಲಿಲ್ಲ.

ಕಾರಿಡಾರಿನ ಬೆಂಚಿನ ಮೇಲೆ ಸೊಸೆ ಕೂತಿದ್ದಳು. ಅತ್ತೆಯ ಫೋನು ಅವಳ ಕೈಯಲ್ಲಿತ್ತು. ನನ್ನನ್ನು ನೋಡಿ ಅಳು ಬಂತು ಅವಳಿಗೆ. "ಚಿನ್ನತ್ತಯ್ಯಾ, ಜ್ವರ ಬಂದು ಒಂಬತ್ತು ದಿನ ಆಯಿತು. ಮೇಲೆ ಹತ್ತೋದಕ್ಕೆ ಆಗೋದಿಲ್ಲ, ತುಳಸಿಗೆ ನೀರು ಹಾಕು, ಫೋನಿನ ತುಳಸಿಗೂ ಹಾಕು ಅಂದ್ರು. ಎರಡಕ್ಕೂ ಹಾಕಿದೀನಿ. ಒಂದು ದಿನಾನೂ ತಪ್ಪಿಸಿಲ್ಲ. ಇವತ್ತು ಇಲ್ಲಿಗೆ ಬರುವಾಗಲೂ ಹಾಕೇ ಬಂದೆ." ಪರದೆ ನನ್ನ ಕಡೆ ತಿರುಗಿಸಿ ತೋರಿಸಿದಳು. ತೆನೆ ತುಂಬಿ ಬಾಗಿದ ಗಿಡ.

ಅವಳನ್ನು ಏನನ್ನಲಿ? ಮನೆಯ ಹಿರಿಯಳು ಮಲಗಿದರೆ ಅವಳ ಬದಲು ತುಳಸಿಗೆ ನೀರು ಹಾಕುವ ಸೊಸೆಯನ್ನು ಬೈಯುವವರು ಯಾರು? ಜ್ವರ ಬಂದರೂ ಇನ್ನೊಬ್ಬರಿಗೆ ಹೇಳಿ ಹಾಕಿಸುತ್ತಾಳೆ ಎಂದು ಪೆಂಡುರ್ತಿಯಲ್ಲಿ ಹೆಮ್ಮೆಯಿಂದ ಹೇಳಿದವಳು ನಾನು. ಅವಳ ಬೆನ್ನು ಸವರಿ, "ಒಳ್ಳೇದು ಮಾಡಿದಿ" ಎಂದೆ.

ಆದರೆ ಆ ಒಂಬತ್ತು ದಿನಕ್ಕೆ ಮುಂಚಿನದೇನು ಎಂದು ನನ್ನನ್ನು ಕೊರೆಯುತ್ತಿತ್ತು. ಕಾರಿಡಾರಿನ ಕೊನೆಗೆ ಹೋಗಿ ಪೆಂಡುರ್ತಿಯ ಹುಡುಗಿಗೆ ಫೋನ್ ಮಾಡಿದೆ. ಪರದೆಯ ಮೇಲೆ ಕಾಣದಿದ್ದರೂ ಒತ್ತಿದ ಗಂಟೆ ನಿಮಿಷ ಅವರ ಬಳಿ ಒಳಗೆ ಉಳಿದಿರುತ್ತದೆ. "ನಮ್ಮ ಅಕ್ಕನದು ತೆಗೆದು ನೋಡು" ಎಂದೆ. ಕೀಲಿ ಒತ್ತುವ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

"ಆಂಟೀ..."

"ಹೇಳು."

"ನಾಲ್ಕೂ ಒಟ್ಟಿಗೇ ಒತ್ತಿದಾರೆ. ಬೆಳಿಗ್ಗೆ ಆರೂಕಾಲಿನ ಆಸುಪಾಸು. ದಿನಾ."

"ರಾತ್ರಿಯ ಊಟದ್ದೂ?"

"ಅದೂ ಬೆಳಿಗ್ಗೇನೇ. ಮೊದಲ ವಾರ ಮಾತ್ರ ಬೇರೆ ಬೇರೆ ಹೊತ್ತಿದೆ. ಆಮೇಲೆ ಎಲ್ಲಾ ಹೀಗೇ." ಮತ್ತೆ ಕೀಲಿ ಒತ್ತುತ್ತಾ, "ಉಳಿದವರದ್ದೂ ತೆಗೆದು ನೋಡ್ತಾ ಇದೀನಿ ಆಂಟೀ. ಅಕ್ಕನವರೊಬ್ಬರೇ ಅಲ್ಲ. ಬಹಳ ಜನರದ್ದು ಹೀಗೇ ಇದೆ" ಎಂದಳು. ಅವಳ ದನಿ ಸಣ್ಣದಾಗಿತ್ತು. ಸಮಯ ಇಟ್ಟಿದ್ದವಳು ಅವಳು, ತೆಗೆಸಿದವಳು ನಾನು ಎಂದು ಅವಳು ಹೇಳಲಿಲ್ಲ. ಮುಂದೆಯೂ ಒಮ್ಮೆಯೂ ಹೇಳಿಲ್ಲ.

ಆರೂಕಾಲು ಎಂದರೆ ಅಕ್ಕ ಸ್ನಾನ ಮಾಡಿ ಮಾಳಿಗೆ ಹತ್ತುವ ಹೊತ್ತು. ತಂಬಿಗೆಯ ಜೊತೆ ಫೋನನ್ನೂ ಒಯ್ದು ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ನೀರು ಹಾಕಿ, ಕೈಮುಗಿದು ಇಳಿದು ಬರುತ್ತಿದ್ದಳು. ನಾವು ಅವಳ ಕಾಲು ಉಳಿಸಲಿಕ್ಕೆ ಕೊಟ್ಟದ್ದನ್ನು ಅವಳು ಪೂಜೆಗೆ ಸೇರಿಸಿಕೊಂಡುಬಿಟ್ಟಿದ್ದಳು. ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಅದರ ಹಸಿರು. ಫೋನಿನಲ್ಲಿ ಒಂದು ಉದ್ದದ ಹೂಂ ಕೇಳಿದ್ದರೆ ನನಗೆ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಜ್ವರ ಇಳಿದು ಅಕ್ಕನಿಗೆ ಪೂರಾ ಎಚ್ಚರವಿತ್ತು. ಗಂಜಿ ಕುಡಿಸುತ್ತಾ ಕೇಳಿದೆ. ಕೇಳಬಾರದಿತ್ತೇನೋ. ತಡೆಯಲಾಗಲಿಲ್ಲ.

"ಯಾಕಕ್ಕಾ ಎಲ್ಲಾ ಒಂದ ಸಲ ಒತ್ತತಿದ್ದಿ?"

ಅವಳಿಗೆ ಅದು ಕೇಳುವಂಥ ಮಾತೇ ಅಲ್ಲವೆನ್ನಿಸಿತು. "ನೀನ ಹೇಳಿದ್ಯಲ್ಲ, ಎದ್ದ ಕೂಡಲೇ ನೋಡತೀನಿ ಅಂತ. ಮುಂಜಾನಿ ಎದ್ದಾಕಿ ಬಾಡಿದ ತುಳಸಿ ಮುಖಾ ನೋಡಬಾರದವಾ. ನಿನಗ ಒಳ್ಳೇದಾಗೂದಿಲ್ಲ. ಅದಕ್ಕ ನೀ ಏಳೂದ್ರೊಳಗ ಒತ್ತಿ ಇಡತಿದ್ದೆ. ಆಮ್ಯಾಲ ಮಾಡಿದ್ರಾತು ಅಂತ."

"ಆಮ್ಯಾಲ ಮಾಡತಿದ್ಯಾ?"

"ಮಾತ್ರಿ ತಗೋತಿದ್ದೆ. ಉಳದದ್ದು ಒಂದೊಂದಿನ." ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳತೊಡಗಿದಳು. "ಅದೂ ಅಲ್ದ ನೀ ಕಟ್ಟಿಸಿದ್ದು. ಮನಿ ಅಕ್ಕನ ಗಿಡಾನ ಬಾಡೈತಿ ಅಂದ್ರ ನಿನ್ನ ಆಫೀಸಿನಾಗ ಆಡಕೋತಾರಿಲ್ಲೇನು? ಅಳಬ್ಯಾಡ. ಗಂಜ್ಯಾಗ ಬೀಳತಾವ."

ಆವತ್ತು ಹನ್ನೊಂದಕ್ಕೆ ಮೊಣಕಾಲ ಕೆಳಗೆ ತೆಗೆದರು.

ತೆಗೆದದ್ದನ್ನು ಆಸ್ಪತ್ರೆಯವರು ಮನೆಯವರ ಕೈಗೇ ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅಗಲವಲ್ಲ, ಉದ್ದ. ಭಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಆಟೋದಲ್ಲಿ ಕೂತು ಕೃಷ್ಣೆಯ ದಂಡೆಯ ಸ್ಮಶಾನಕ್ಕೆ ಹೋದರು, ಮಗ ಜೊತೆಗೆ ಹೋದ. ಒಂದೂವರೆ ಗಂಟೆಯಲ್ಲಿ ತಲೆಗೆ ಸ್ನಾನ ಮಾಡಿ, ಒದ್ದೆ ಪಂಚೆ ಹಿಂಡಿ ಉಟ್ಟು ವಾಪಸು ಬಂದರು. ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ಅಲ್ಲಿನವನು ಹೆಸರು ಕೇಳಿದ ಮರದಲಾ. ಯಾರ ಹೆಸರು ಬರೆಸಲಿ? ಮನುಷ್ಯಳು ಇಲ್ಲಿ ಬದುಕಿದಾಳೆ ಕದಾ" ಎಂದರು.

ಕ್ಲಿನಿಕ್ಕಿಗೆ ರಜೆ ಹಾಕಿ ಉಳಿದೆ. ಪೆಂಡುರ್ತಿಯಿಂದ ಹುಡುಗಿ ಎರಡು ಸಲ ಫೋನ್ ಮಾಡಿದಳು. ಒಟ್ಟಿಗೆ ಒತ್ತಿದವರ ಪಟ್ಟಿ ಮಾಡಿ ಡಾಕ್ಟರಿಗೆ ಕೊಟ್ಟಿದ್ದಾಳೆ, ನರ್ಸು ಒಬ್ಬೊಬ್ಬರನ್ನೂ ಕರೆಸಿ ಪಾದ ನೋಡುತ್ತಿದ್ದಾರೆ. ವೆಲ್ಡರ ಹೆಬ್ಬೆರಳ ಸಂದಿಯಲ್ಲಿ ಹುಣ್ಣು ಸಿಕ್ಕಿದೆ, ಇನ್ನೂ ಎಳೆಯದು, ವಾಸಿಯಾಗುತ್ತದಂತೆ. ಗಿಡವನ್ನು ತೆಗೆಯುವುದೋ ಇಡುವುದೋ ಎಂದು ಅವರಲ್ಲೇ ಎರಡು ಪಕ್ಷವಾಗಿದೆ. "ನೀವು ಬಂದ ಮೇಲೆ ಕೂತು ಯೋಚಿಸೋಣ ಆಂಟೀ" ಎಂದಳು. ಹೂಂ ಎಂದೆ. ನನ್ನ ಹೂಂ ಎಷ್ಟು ಉದ್ದವಾಗಿತ್ತೋ, ಅವಳು ತಿರುಗಿ ಫೋನ್ ಮಾಡಲಿಲ್ಲ.

ಹತ್ತನೆಯ ದಿನ ಮನೆಗೆ ಕಳಿಸುವ ಮುಂಚೆ ಸರ್ಜನ್ನರು ಬಂದು ಅಕ್ಕನ ಎಡಗಾಲು ನೋಡಿದರು. ಉಳಿದದ್ದು ಅದೊಂದೇ. ಬೆರಳುಗಳನ್ನು ಬಿಡಿಸಿ ಬಿಡಿಸಿ ನೋಡಿ, ಕಾಲುಂಗುರದ ಬಳಿ ನಿಂತರು. ಬೆಳ್ಳಿಯ ಸುತ್ತು ಮಾಂಸದಲ್ಲಿ ಹೂತಿತ್ತು, ಅಂಚಿನಲ್ಲಿ ಚರ್ಮ ಕೆಂಪಾಗಿತ್ತು. "ಇದು ಇರಬಾರದು. ಇವತ್ತೇ ತೆಗೆಯಿರಿ. ಒತ್ತಿದರೂ ಇವರಿಗೆ ಗೊತ್ತಾಗೋದಿಲ್ಲ" ಎಂದು ಹೇಳಿ ಹೋದರು.

ಬಲಗಾಲಿನದನ್ನು ಆಪರೇಷನ್ನಿಗೆ ಮುಂಚೆ ನರ್ಸು ಕತ್ತರಿಸಿ ಕಾಗದದಲ್ಲಿ ಕಟ್ಟಿ ಭಾವನ ಕೈಗೆ ಕೊಟ್ಟಿದ್ದಳು. ಅದು ಅಕ್ಕನಿಗೆ ಎಚ್ಚರವಿಲ್ಲದಾಗ ಆದದ್ದು.

ಸೊಸೆ ನೀರಿನ ಬಾಟಲಿ ಎತ್ತಿಕೊಂಡು ಸುಮ್ಮನೆ ಹೊರಗೆ ಹೋದಳು. ಗಂಡ ಬದುಕಿರುವ ಹೆಂಗಸಿನ ಕಾಲುಂಗುರ ತೆಗೆಯುವುದನ್ನು ಮುತ್ತೈದೆಯರು ನೋಡಬಾರದು. ನಾನೂ ಮುತ್ತೈದೆಯೇ. ಸಾಬೂನು ನೀರಿನ ಬಟ್ಟಲು ಹಿಡಿದು ಮಂಚದ ಕೊನೆಯಲ್ಲಿ ನಿಂತೇ ಇದ್ದೆ.

"ಒಂದ ಹೋತಲ್ಲ" ಎಂದಳು ಅಕ್ಕ. "ಇದಾದ್ರೂ ಇರಲಿ ತಂಗೀ. ದಿನಾ ನೋಡಕೋತೀನಿ. ಖರೇನ."

ಇಷ್ಟು ವರ್ಷ ಅವಳನ್ನು ಎಷ್ಟೆಷ್ಟಕ್ಕೋ ಒಪ್ಪಿಸಿದ್ದೇನೆ. ಅನ್ನ ಕಡಿಮೆ ಮಾಡಿಸಿದ್ದೇನೆ, ಚಹಕ್ಕೆ ಸಕ್ಕರೆ ಬಿಡಿಸಿದ್ದೇನೆ, ಕೆಲವಕ್ಕೆ ನಗಿಸಿ, ಕೆಲವಕ್ಕೆ ಹೆದರಿಸಿ. ಆವತ್ತು ಬಟ್ಟಲಿನ ನೀರಿಗೆ ಇನ್ನಷ್ಟು ಸಾಬೂನು ಉಜ್ಜಿದೆ. ಭಾವ ಕಿಟಕಿಯ ಬಳಿಯ ಸ್ಟೂಲನ್ನು ಎಳೆದುಕೊಂಡು ಬಂದು ಅವಳ ತಲೆಯ ಹತ್ತಿರ ಕೂತರು. ಅವಳ ಕೈ ತೆಗೆದು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡರು.

"ತೆಗಿ ಮರದಲಾ. ನಾನಿದೀನಿ ಕದಾ, ಇಲ್ಲೇ ಕೂತಿದೀನಿ. ನನ್ನೆದುರಿಗೇ ತೆಗಿ."

ಅಕ್ಕ ಅವರ ಮುಖ ನೋಡಲಿಲ್ಲ. ಮೇಲೆ ತಿರುಗುವ ಫ್ಯಾನು ನೋಡುತ್ತಾ ಮಲಗಿದಳು. ನಾನು ಬೆರಳಿಗೆ ಸಾಬೂನು ಹಚ್ಚಿ, ಒಂದು ಕೈಯಲ್ಲಿ ಚರ್ಮ ಹಿಂದಕ್ಕೆ ಒತ್ತಿ ಹಿಡಿದು, ಉಂಗುರವನ್ನು ಅಷ್ಟಷ್ಟೇ ತಿರುವಿದೆ. ಮೂವತ್ತೈದು ವರ್ಷದ ಬೆಳ್ಳಿ. ಗಿಣ್ಣಿನ ಹತ್ತಿರ ನಿಂತಿತು. ಮತ್ತೆ ಸಾಬೂನು ಹಚ್ಚಿದೆ. ಯಾರಿಗಾದರೂ ನೋಯುವಷ್ಟು ಎಳೆಯಬೇಕಾಯಿತು. ನಾನು ತಲೆಯೆತ್ತಿ ನೋಡಿದರೆ ಅವಳ ಮುಖದಲ್ಲಿ ನೋವಿನ ಗುರುತೇ ಇಲ್ಲ. ಬೆರಳಿನ ಬುಡದಲ್ಲಿ ಬೆಳ್ಳಗೆ, ಮಗುವಿನ ಚರ್ಮದ ಹಾಗೆ ಒಂದು ಸುತ್ತು ಉಳಿಯಿತು. ಉಂಗುರ ನನ್ನ ಅಂಗೈಯಲ್ಲಿತ್ತು. ನಾನು ಆಗಲೇ ಅವಳ ಕಾಲ್ಬೆರಳು ಒರೆಸುತ್ತಿದ್ದೆ.

"ಬಂತೇನು?" ಎಂದು ಕೇಳಿದಳು ಅಕ್ಕ, ಫ್ಯಾನು ನೋಡುತ್ತಲೇ.